ಖಾಲಿ ಪೈಪಿಗೆ ಹಾಕಿದ ಮೋಟಾರು

ಹೆಂಡತಿಗೆ ಜ್ವರ ಬಂದ ದಿನವೇ ನಾನು ಕಾರಣ ಕಂಡುಹಿಡಿದಿದ್ದೆ. ಬಂಗಾರಪೇಟೆಯ ಪಾನಿಪೂರಿ. ಹಿಂದಿನ ದಿನ ತನ್ನ ತಂಗಿ ಮನೆಯಿಂದ ಬರುವಾಗ ಅಲ್ಲೇ ರೈಲು ಇಳಿದಿದ್ದಳು. ಇನ್ನೇನು ಸಾಕ್ಷಿ ಬೇಕು?

“ತಿಂದಿಲ್ಲ ಅಂದ್ರೆ ತಿಂದಿಲ್ಲ,” ಅಂದಳು.

“ತಿಂದೋರೆಲ್ಲ ಇಂಗೇ ಅನ್ನೋದು,” ಅಂದೆ.

ಉರಿಗಾಂನ ಗಣಿ ಕಾರ್ಮಿಕರ ಸಾಲುಮನೆಗಳಲ್ಲಿ, ನಮ್ಮ ಲೈನಿನಲ್ಲಿ, ನನ್ನಷ್ಟು ಬುದ್ಧಿವಂತ ಇನ್ನೊಬ್ಬನಿರಲಿಲ್ಲ. ಮೆಡಿಕಲ್ ಶಾಪಿನವನು ಕೊಟ್ಟ ಮಾತ್ರೆ ನುಂಗಿಸಿದೆ. ಅಮ್ಮ ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದಳು. ಜ್ವರ ಬೆಳಿಗ್ಗೆ ತುಸು ಇಳಿದು ಸಂಜೆಗೆ ಇನ್ನಷ್ಟು ಏರುತ್ತಿತ್ತು. ಹೀಗೆ ಹತ್ತು ದಿನ. ಹನ್ನೊಂದನೆಯ ದಿನ ಅವಳಿಗೆ ನನ್ನ ಗುರುತೇ ಸಿಗಲಿಲ್ಲ. ಆಗ ಹೆದರಿ ಆಸ್ಪತ್ರೆಗೆ ಹೊತ್ತುಕೊಂಡು ಓಡಿದೆ.

ಟೈಫಾಯ್ಡ್ ಎಂದರು ಡಾಕ್ಟರಮ್ಮ. ಬ್ಯಾಕ್ಟೀರಿಯಾ ಕರುಳಿನ ಗೋಡೆ ದಾಟಿ ರಕ್ತ ಸೇರಿದೆ, ಇನ್ನೂ ತಡವಾಗಿದ್ದರೆ ಕರುಳೇ ತೂತಾಗುತ್ತಿತ್ತು, ಉಳಿಯುವುದು ಕಷ್ಟವಿತ್ತು ಎಂದರು. ನಾನು ಪಾನಿಪೂರಿಯ ಕಥೆ ಒಪ್ಪಿಸಿದೆ. ಅವರು ನನ್ನ ಮುಖವನ್ನೇ ನೋಡಿದರು. ಈ ಕ್ರಿಮಿ ಹೊಟ್ಟೆಗೆ ಹೋದ ಮೇಲೆ ಜ್ವರ ಬರಲು ವಾರ, ಎರಡು ವಾರ ಬೇಕಂತೆ. ಹಿಂದಿನ ದಿನ ತಿಂದದ್ದಕ್ಕೆ ಮರುದಿನ ಬರುವುದಲ್ಲವಂತೆ.

“ಮನೇಲಿ ಯಾವ ನೀರು ಕುಡೀತೀರಿ?”

ಹೆಮ್ಮೆಯಿಂದಲೇ ಹೇಳಿದೆ. ಬೇತಮಂಗಲದ ಕೆರೆ ನೀರು ನಮಗೆ ಬರುವುದು ವಾರಕ್ಕೊಮ್ಮೆ. ಬಂದಾಗಲೂ ಸಣ್ಣಗೆ. ಅದಕ್ಕೇ ರಸ್ತೆಗಿಂತ ಕೆಳಗೆ, ಚರಂಡಿಯ ಪಕ್ಕ ಗುಂಡಿ ತೋಡಿ ನಲ್ಲಿ ಇಳಿಸಿ, ಅದಕ್ಕೆ ಮೋಟಾರು ಕೂರಿಸಿದ್ದೆ. ನೀರು ಬಿಡುವ ಅರ್ಧ ಗಂಟೆ ಮುಂಚೆಯೇ ಹಾಕಿಡುತ್ತಿದ್ದೆ, ಮೊದಲ ನೀರು ನಮಗೇ ಸಿಗಲಿ ಅಂತ. ಪಕ್ಕದ ಮನೆಯವರು ಬಿಂದಿಗೆ ಹಿಡಿದು ಕಾಯುವುದನ್ನು ನೋಡಿ ನಗುತ್ತಿದ್ದೆ.

“ಖಾಲಿ ಪೈಪಲ್ಲಿ ಮೋಟಾರು ಏನನ್ನ ಎಳೆಯುತ್ತೆ?” ಅಂದರು ಡಾಕ್ಟರಮ್ಮ.

ಉತ್ತರ ನನಗೆ ಗೊತ್ತಿತ್ತು. ಚರಂಡಿಯಲ್ಲೇ ಮುಳುಗಿರುವ, ಬಿರುಕು ಬಿಟ್ಟ ಪೈಪನ್ನು ದಿನವೂ ದಾಟಿಕೊಂಡೇ ಓಡಾಡುತ್ತಿದ್ದೆನಲ್ಲ. ಇಡೀ ಲೈನಿನ ಹೊಲಸನ್ನು ಕರೆಂಟು ಬಿಲ್ಲು ಕಟ್ಟಿ ಎಳೆದು ಹೆಂಡತಿಗೆ ಕುಡಿಸಿದ್ದೆ. ನನ್ನ ಮೇಲೆ ನನಗೇ ಅಸಹ್ಯವಾಯಿತು.

ನಾಲ್ಕು ದಿನಕ್ಕೆ ಜ್ವರ ಬಿಟ್ಟಿತು. ಮಂಚದ ಪಕ್ಕ ಕೂತು, ನೀನು ಪಾನಿಪೂರಿ ತಿಂದಿರಲಿಲ್ಲ, ಗೊತ್ತಾಯಿತು, ತಪ್ಪು ನಮ್ಮ ನೀರಿನದು ಎಂದೆ. ದೊಡ್ಡ ಮನಸ್ಸು ಮಾಡಿ ಕ್ಷಮಿಸುವವನ ಹಾಗೆಯೇ ಹೇಳಿದೆ ಅಂತ ಈಗ ಅನಿಸುತ್ತದೆ.

ಅವಳು ಗೋಡೆಯ ಕಡೆ ಹೊರಳಿದಳು.

“ನೀರು ವಾಸ್ನೆ ಬತ್ತೈತೆ ಅಂತ ಯುಗಾದಿ ಮುಂಚೆನೇ ಅಂದಿದ್ದೆ,” ಅಂದಳು. “ನಿನ್ನ ಮೂಗೇ ಸರಿಯಿಲ್ಲ ಅಂದ್ರಿ.”