ಬಾಣದ ಮೊನೆಗೆ ಮೂರು ವಿಷಲ್

ನಮ್ಮ ಮನೆಗೆ ಸೋಫಾ ಆರಿಸಲು ಒಂದು ಮಧ್ಯಾಹ್ನ ಸಾಕಾಗಿತ್ತು. ಬಾಣದ ಮೊನೆ ಆರಿಸಲು ಮೂರು ವಾರ ಹಿಡಿಯಿತು.

ನನ್ನ ಗಂಡ ಮೂಳೆ ಡಾಕ್ಟರು. ಪರ್ತ್‌ನಲ್ಲಿದ್ದಾಗ ವೆಲ್ಷ್‌ಪೂಲ್‌ನ ಗೋದಾಮೊಂದರಿಂದ ಬಿಲ್ಲು ಕೊಂಡಿದ್ದರು. ಬ್ರಿಸ್ಬೇನ್‌ಗೆ ಬಂದ ಮೇಲೂ ಭಾನುವಾರ ಚರ್ಚಿನಿಂದ ನೇರ ಕ್ಲಬ್ಬಿಗೆ ಹೋಗಿ ಹುಲ್ಲಿನ ಗುರಿಗೆ ಹೊಡೆಯುತ್ತಿದ್ದರು. ಈ ಸಲ ಆಸ್ಪತ್ರೆಯ ಗೆಳೆಯರೊಬ್ಬರು ತಮ್ಮ ಫಾರ್ಮಿಗೆ ಕರೆದರು. ಎಂದೋ ತಪ್ಪಿಸಿಕೊಂಡ ಸಾಕು ಟರ್ಕಿ ಕೋಳಿಗಳು ಅಲ್ಲಿ ಕಾಡು ಸೇರಿ ಬೆಳೆ ಮುಕ್ಕುತ್ತಿದ್ದವಂತೆ. (ನಮ್ಮ ಹಿತ್ತಲಲ್ಲಿ ಕರಿಬೇವಿನ ಬುಡ ಕೆದರುವ, ಬ್ರಷ್ ಟರ್ಕಿ ಎಂಬ ಇಲ್ಲಿನ ಕಾಡುಹಕ್ಕಿಯನ್ನು ಮುಟ್ಟುವಂತಿಲ್ಲ, ಅದಕ್ಕೆ ಕಾನೂನಿನ ರಕ್ಷಣೆಯಿದೆ. ಅದರ ನಡಿಗೆ ನೋಡಿದರೆ ಅದಕ್ಕೂ ಗೊತ್ತಿರಬೇಕು.)

ಇವರು ಅಡಿಲೇಡ್‌ನಲ್ಲಿರುವ ಅಕ್ಕನಿಗೆ ಫೋನು ಮಾಡಿ, "ಕ್ರಿಸ್‌ಮಸ್‌ಗೆ ಬಾ. ಟರ್ಕಿ ನಾನೇ ಹೊಡ್ಕೊಂಡು ಬರ್ತೀನಿ" ಎಂದುಬಿಟ್ಟರು.

"ನೀನಾ? ಜಿರಳೆ ಕಂಡ್ರೆ ಕುರ್ಚಿ ಹತ್ತೋನು!" ಅತ್ತಿಗೆಯ ನಗು ಅಡುಗೆಮನೆಯವರೆಗೂ ಕೇಳಿಸಿತು.

ನನ್ನ ಚಿಂತೆ ಬೇರೆ. ಚಿಕ್ಕವಳಿದ್ದಾಗ ಒಂದು ಹಬ್ಬದ ಬೆಳಿಗ್ಗೆ, ಅರ್ಧ ಕೊಯ್ದ ಕೋಳಿ ಕೈತಪ್ಪಿ ಅಂಗಳವೆಲ್ಲ ಓಡಿದ್ದನ್ನು ನೋಡಿದ್ದೆ. ಆ ದಿನ ನಾನು ತಿಂದದ್ದು ಬರೀ ಒಣ ರೊಟ್ಟಿ.

"ಹಕ್ಕಿ ಒಂದೇ ಏಟಿಗೆ ಹೋಗ್ಬೇಕು. ಒದ್ದಾಡಿದ್ರೆ ನಾನು ಬೇಯ್ಸಲ್ಲ" ಎಂದೆ.

ಊಟದ ಮೇಜಿನ ಮೇಲೆ ಎರಡು ಬಗೆಯ ಬ್ರಾಡ್‌ಹೆಡ್ ಬಂದು ಕುಳಿತವು. ಬಾಣದ ತುದಿಗೆ ತಿರುಗಿಸಿ ಕೂರಿಸುವ ಅಲಗಿನ ಮೊನೆಗಳವು. ಒಂದರಲ್ಲಿ ಮೂರು ಅಲಗು, ಅಲ್ಲಾಡದಂತೆ ಬಿಗಿಯಾಗಿದ್ದವು. ಇನ್ನೊಂದರಲ್ಲಿ ಅಲಗುಗಳು ಮಡಚಿಕೊಂಡು, ಪ್ಲಾಸ್ಟಿಕ್ ಉಂಗುರದೊಳಗೆ ಅಡಗಿದ್ದವು.

"ನೋಡೇ, ಎಂಥ ಎಂಜಿನಿಯರಿಂಗ್! ಬಡಿದ ತಕ್ಷಣ ಛತ್ರಿ ತರ ಬಿಚ್ಕೊಳ್ಳುತ್ತೆ. ಎರಡಿಂಚು ಅಗಲ."

"ನಮ್ಮನೆ ಛತ್ರಿ ಬೇಕಾದಾಗ ಯಾವತ್ತು ಬಿಚ್ಕೊಂಡಿದೆ?"

ನಾನು ಹಣ್ಣಾದ ಟೊಮೆಟೊ ತಂದು ಎರಡನ್ನೂ ಪರೀಕ್ಷಿಸಿದೆ. ಬಿಗಿಯಾದ ಅಲಗು ಸಿಪ್ಪೆಯನ್ನು ಸದ್ದಿಲ್ಲದೆ ಸೀಳಿತು. ಛತ್ರಿ ಮೊದಲು ಟೊಮೆಟೊವನ್ನು ಅಪ್ಪಚ್ಚಿ ಮಾಡಿ ಆಮೇಲೆ ಬಿಚ್ಚಿಕೊಂಡಿತು. ಇಲ್ಲೇ ಸೇಂಟ್ ಲೂಸಿಯಾದ ಯೂನಿವರ್ಸಿಟಿಯಲ್ಲಿ ಓದುವ ಮಗಳು ಲ್ಯಾಪ್‌ಟಾಪಿನಿಂದ ತಲೆಯೆತ್ತಿ, "ಡ್ಯಾಡ್, ಇಟ್ಸ್ ಅ ಬರ್ಡ್. ನಾಟ್ ಅ ಹಿಪ್ ರಿಪ್ಲೇಸ್‌ಮೆಂಟ್" ಎಂದಳು. ಇವರು ಇಬ್ಬರ ಮಾತನ್ನೂ ಕೇಳದೆ ಛತ್ರಿಯನ್ನೇ ಆರಿಸಿದರು.

ಹೊರಡುವ ಹಿಂದಿನ ಸಂಜೆ, ಇವರು ತಂದಿಟ್ಟ ಆರು ಛತ್ರಿ ಮೊನೆಗಳನ್ನು ಮೂಸಿದೆ. ಮಷಿನ್ ಎಣ್ಣೆಯ ವಾಸನೆ. ಹಬ್ಬಕ್ಕೆ ತಿನ್ನುವ ಮಾಂಸದೊಳಗೆ ಇದು ಹೋಗಬೇಕಲ್ಲ! ಮಗಳ ಹಾಲಿನ ಬಾಟಲಿಯ ಕಾಲದಿಂದ, ಬಾಯಿಗೆ ಸೇರುವುದೆಲ್ಲ ಬೇಯಬೇಕೆಂದು ಡಾಕ್ಟರ ಅಪ್ಪಣೆಯಿತ್ತು. ಆರೂ ಮೊನೆಗಳನ್ನು ಕುಕ್ಕರಿಗೆ ಹಾಕಿ ಮೂರು ವಿಷಲ್ ಕೂಗಿಸಿದೆ.

ಮುಚ್ಚಳ ತೆಗೆದರೆ ಉಂಗುರಗಳೆಲ್ಲ ಕರಗಿ ಸೊಟ್ಟಗಾಗಿದ್ದವು. ಅಲಗುಗಳು ಗೂಡಿನ ಮರಿಗಳಂತೆ ಬಾಯಿ ತೆರೆದುಕೊಂಡಿದ್ದವು.

"ಏನೇ ಮಾಡ್ಬಿಟ್ಟೆ!"

"ಸ್ಟೆರಿಲೈಸ್. ನೀವೇ ಅಲ್ವಾ ಹೇಳೋದು?"

ಅಂಗಡಿ ಮುಚ್ಚಿತ್ತು. ಉಳಿದದ್ದು ಬಿಗಿ ಅಲಗಿನ ಮೊನೆಗಳು ಮಾತ್ರ. ಪುಣ್ಯಕ್ಕೆ ಕ್ಲಬ್ಬಿನಲ್ಲಿ ಅವುಗಳಿಂದಲೂ ಹೊಡೆದು ಅಭ್ಯಾಸವಿತ್ತು. ಬೆಳಿಗ್ಗೆ ಕಾಫಿಗೆ ಸಕ್ಕರೆ ಕೇಳದೆ ಕುಡಿದು ಹೊರಟರು, ಅಷ್ಟು ಸಿಟ್ಟು.

ಮರುದಿನ ಮಧ್ಯಾಹ್ನ, ಇಲ್ಲಿಯವರು ಹೇಳುವ ಆರ್ವೋ ಹೊತ್ತಿಗೆ, ಹಕ್ಕಿಯ ಸಮೇತ ಬಂದರು. "ಹದಿನೈದು ಹೆಜ್ಜೆ ದೂರ. ನಿಂತಲ್ಲೇ ಕೂತ್ಬಿಡ್ತು ಕಣೇ" ಎಂದರು. ಮೆತ್ತಗಿನ ದನಿ. ನಂಬದೆ ಪುಕ್ಕ ಸರಿಸಿ ನೋಡಿದೆ. ರೆಕ್ಕೆಯ ಬುಡದಲ್ಲಿ ಒಂದೇ ಗಾಯ, ಟೊಮೆಟೊ ಸೀಳಿದಷ್ಟೇ ನೀಟು.

ಕ್ರಿಸ್‌ಮಸ್ ದಿನ ಅತ್ತಿಗೆ ತುಂಬ ಹೊತ್ತು ಅಗಿದರು. "ಗಟ್ಟಿಯಪ್ಪಾ. ಆದ್ರೂ ಹೊಡೆದ್ಯಲ್ಲೋ!"

"ಎಲ್ಲಾ ಮೊನೆ ಆರಿಸೋದ್ರಲ್ಲಿದೆ ಅಕ್ಕ. ಬಿಗಿ ಅಲಗೇ ಬೇಕು. ನಂಗೆ ಆ ಛತ್ರಿ ಮೇಲೆ ಮೊದ್ಲಿಂದ್ಲೂ ನಂಬಿಕೆ ಇರ್ಲಿಲ್ಲ."

ಮಗಳು ಬಾಯಿ ತೆರೆದಳು. ಅವಳ ತಟ್ಟೆಗೆ ಇನ್ನೊಂದು ಆಲೂಗಡ್ಡೆ ಬಡಿಸಿದೆ. ನಂತರ ನನ್ನ ರೊಟ್ಟಿಯ ಮೇಲೆ ಮಾಂಸದ ಒಂದು ತುಂಡನ್ನು ಹಾಕಿಕೊಂಡೆ.