ದೊಡ್ಡಮನೆಯ ಬಾಗಿಲು ಯಾವ ದಿಕ್ಕಿಗೆ

...ಅಥವಾ ನಕ್ಷೆಯ ಮೂಲೆಯಲ್ಲಿ ದಿಕ್ಕು ತೋರಿಸುವ ಬಾಣದ ಗುರುತೇ ಇರಲಿಲ್ಲವೇನೋ. ಇತ್ತು ಎಂದು ಎಷ್ಟೋ ಸಲ ಹೇಳಿಕೊಂಡಿದ್ದೇನೆ. ಹೇಳಿ ಹೇಳಿ ಈಗ ಅದು ಕಣ್ಣಿಗೆ ಕಾಣುತ್ತದೆ. ಹಾಗೆ ಕಾಣುವುದನ್ನು ನಾನು ನಂಬುವುದಿಲ್ಲ.

ಹೊನ್ನಾವರದ ಒಂದು ಮಹಡಿಯಲ್ಲಿ ಕೂತು ಇಂಗ್ಲೆಂಡಿನ ಹಳೆಯ ಕಾಗದಗಳ ಫೋಟೊ ನೋಡಿ ಟೈಪ್ ಮಾಡುವುದು ನನ್ನ ಕೆಲಸ. ಆಗ ಬಂದಿದ್ದು ಒಂದು ಪ್ಯಾರಿಷ್‌ನ, ಅಂದರೆ ಒಂದೇ ಇಗರ್ಜಿಗೆ ಸೇರಿದ ಹಳ್ಳಿಯ ಚರಿತ್ರೆ. ಜನ ಕಡಿಮೆಯಾಗಿ ಹಳ್ಳಿಯನ್ನು ಪಕ್ಕದ ಊರಿಗೆ ಸೇರಿಸಿದ್ದರು. ಜಮೀನಿನ ಒಡೆಯರ ದೊಡ್ಡಮನೆಯನ್ನು ಎಂದೋ ಕೆಡವಿದ್ದರು. ಅದು ಯಾರಿಂದ ಯಾರ ಕೈಗೆ ಹೋಯಿತು, ಯಾವ ಸೊಸೆ ಯಾವ ಕಿಟಕಿ ಮುಚ್ಚಿಸಿದಳು, ಎಲ್ಲ ನನಗೆ ಬಾಯಿಪಾಠ. ಮನೆಯ ನಕ್ಷೆಗೆ ವಿವರಣೆ ಬರೆಯುವಾಗ ‘ಮುಂಬಾಗಿಲು ಪೂರ್ವಕ್ಕೆ, ಇಗರ್ಜಿಯ ಕಡೆಗೆ’ ಎಂದೆ. ಮಾವಳ್ಳಿಯಿಂದ ಬಸ್ಸಿನಲ್ಲಿ ಬರುವ, ನಾವೆಲ್ಲ ಅಕ್ಕ ಎನ್ನುವ ತಪಾಸಣೆಯವಳು ಅದನ್ನು ಸರಿ ಎಂದು ಕಳಿಸಿದಳು.

ಕೆಲವು ತಿಂಗಳ ಮೇಲೆ ಮ್ಯಾನೇಜರ್ ಇಬ್ಬರನ್ನೂ ಕರೆದರು. ನಮ್ಮ ಸಾಲನ್ನು ನಂಬಿ ಅಲ್ಲಿಯವರು ಆ ಮನೆಯ ಹಳೆಯ ಅಡಿಪಾಯ ಹುಡುಕಲು ಇಗರ್ಜಿಯ ಪಶ್ಚಿಮಕ್ಕೆ ಅಗೆಯುವ ಗುರುತು ಹಾಕಿದ್ದರಂತೆ. ಈಗ ಸಿಕ್ಕ ಒಂದು ಪತ್ರದಲ್ಲಿ, ಸಂಜೆ ಬಿಸಿಲು ಮುಂಬಾಗಿಲಿನಿಂದ ಒಳಗೆ ಬೀಳುತ್ತಿತ್ತು ಎಂದಿದೆಯಂತೆ. ಹಾಗಾದರೆ ಬಾಗಿಲು ಪಶ್ಚಿಮಕ್ಕೆ, ಮನೆ ಇದ್ದದ್ದು ಇಗರ್ಜಿಯ ಪೂರ್ವಕ್ಕೆ. ನಕ್ಷೆಯ ಆ ಮೂಲೆ ಪುಡಿಯಾಗಿದೆ, ಅವರ ಫೋಟೊ ಕೆಟ್ಟಿದೆ, ನಮ್ಮದನ್ನು ಕರಾರಿನಂತೆ ನಾವೇ ಅಳಿಸಿದ್ದೆವು. ದಿಕ್ಕಿನ ಬಾಣ ಕಂಡಿದ್ದೋ, ಊಹಿಸಿದ್ದೋ, ನಾಲ್ಕು ಗಂಟೆಯೊಳಗೆ ನಾನು ಬರೆದುಕೊಡಬೇಕು. ಊಹೆಯಾದರೆ ಅದನ್ನು ಹಿಡಿಯದ ತಪಾಸಣೆಯವರು ನಾಳೆಯಿಂದ ಬೇಡ ಎಂದರು. ಅಕ್ಕನಿಗೆ ಅದಾಗಲೇ ಒಂದು ಎಚ್ಚರಿಕೆ ಬಂದಿತ್ತು.

ಮೆಟ್ಟಿಲ ಮೇಲೆ ಅವಳು ದನಿ ತಗ್ಗಿಸಿದಳು. “ಎಂತ ಬರೀತಿ?”

“ಕಂಡಿದ್ದನ್ನ.”

“ಅದು ನಿಮ್ಮ ಕುಮಟೆ ಮನೆ ಬಾಗಿಲಲ್ಲ, ಮಾರಾಯ್ತಿ.”

ಕುಮಟಾದ ನಮ್ಮ ಮನೆಗೆ ರಸ್ತೆ ಇರುವುದು ಪಶ್ಚಿಮಕ್ಕೆ. ದಿನವೂ ಓಡಾಡುವುದು ಆ ಬಾಗಿಲಲ್ಲೇ. ಪೂರ್ವದ ಬಾಗಿಲು ತೆರೆಯುವುದು ಪೂಜೆಗೆ, ಮದುಮಗಳು ಬಂದಾಗ. ಆದರೂ ಮನೆ ಯಾವ ದಿಕ್ಕಿಗೆ ಎಂದು ಕೇಳಿದರೆ ನಾವು ಪೂರ್ವ ಎನ್ನುತ್ತೇವೆ. ಅದು ಸುಳ್ಳು ಎಂದು ಯಾರಿಗೂ ಅನಿಸಿಲ್ಲ. ಅದೇ ಅಭ್ಯಾಸದ ಕೈ ಇಲ್ಲೂ ಪೂರ್ವ ಎಂದು ಬರೆದಿರಬಹುದು.

ಅಕ್ಕ ಮತ್ತೆ ಹೇಳಿದಳು, “ಆ ದಿವ್ಸ ನಾ ನಿನ್ನ ಕೇಳಿದ್ದೆ, ತಂಗಿ. ಬಾಣ ಉಂಟಾ ಅಂತ. ಉಂಟು ಅಂದೆ ನೀನು.”

ನಾಲ್ಕಕ್ಕೆ ಹತ್ತು ನಿಮಿಷವಿತ್ತು. ಬಾಣ ಕಂಡೆನೆಂದು ಆಣೆ ಮಾಡಲಾರೆ, ಊಹೆ ನನ್ನದು, ತಪಾಸಣೆಯವರು ಕೇಳಿದ್ದರು, ನಾನೇ ಇದೆ ಎಂದಿದ್ದೆ ಎಂದು ಬರೆದೆ. ಮ್ಯಾನೇಜರ್ ಎರಡು ಸಲ ಓದಿ ಅಕ್ಕನ ಮುಖ ನೋಡಿದರು. ಕೇಳಿದ್ದೆ ಎಂದಳು. ಅವಳು ಉಳಿದಳು. ನನಗೆ ಮತ್ತೆ ನಕ್ಷೆಗಳನ್ನು ಕೊಡಲಿಲ್ಲ.

ಅಲ್ಲಿ ಕೊನೆಗೆ ಎಲ್ಲಿ ಅಗೆದರೋ ಯಾರೂ ತಿಳಿಸಲಿಲ್ಲ. ಅಕ್ಕ ಆ ದಿನ ನನ್ನನ್ನು ನಿಜವಾಗಿ ಕೇಳಿದ್ದಳೇ? ಕೇಳಿದ್ದಳು ಎಂದು ಬರೆದು ಸಹಿ ಹಾಕಿದವಳು ನಾನು. ನನಗೆ ಗೊತ್ತಿಲ್ಲ.