ಅತ್ತೆಯ ‘ಸ’ ಮತ್ತು ನನ್ನ ನಾಲ್ಕು ತಂತಿ

ಇವತ್ತು ಬೆಳಿಗ್ಗೆ ಯುಕುಲೆಲೆಗೆ ಹೊಸ ತಂತಿ ಹಾಕಿದೆ. ಹೊಸ ನೈಲಾನ್ ತಂತಿ ಗಳಿಗೆಗೊಮ್ಮೆ ಸಡಿಲಾಗುತ್ತದೆ. ಬಿರಡೆ ತಿರುವು, ಮೀಟು, ಮತ್ತೆ ತಿರುವು. ಸಿಂದಗಿಯ ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಹುಡುಗರ ಕಿವಿ ತಿರುವಿದ ಗಣಿತದ ಮಾಸ್ತರನಿಗೆ ಇದೇನು ಮಹಾ ಅಂದೀರಿ. ನಾನೂ ಹಾಗೇ ಅಂದುಕೊಂಡಿದ್ದೆ.

ನಿವೃತ್ತಿಯಾದ ಹೊಸತರಲ್ಲಿ ಇದನ್ನು ತರಿಸಿದಾಗ ನನ್ನಾಕೆ, “ಇದೇನ್ರೀ, ಗಿಟಾರ ಹಡದ ಕೂಸ?” ಎಂದಳು. ನಾನು ಜಗ್ಗಲಿಲ್ಲ. ಮುಖದ ಕಡೆಯ ತಂತಿಯೇ ಎಲ್ಲಕ್ಕಿಂತ ತಗ್ಗಿನದಿರಬೇಕೆಂದು ಲೆಕ್ಕ ಹಾಕಿ ಇಳಿಸುತ್ತಾ ಹೋದೆ. ಅದು ಒಣಹಾಕಿದ ಶ್ಯಾವಿಗೆಯಂತೆ ಜೋತುಬಿತ್ತು. ಆಮೇಲೆ ತಿಳಿಯಿತು: ಮೊದಲ ತಂತಿ ಪ, ಎರಡನೆಯದು ಸ, ಆಮೇಲೆ ಗ, ಧ. ಎಲ್ಲಕ್ಕಿಂತ ತಗ್ಗಿನ ಸ ಎರಡನೆಯ ಜಾಗದಲ್ಲಿ ಕೂತಿದೆ! ಆ ಸ ಹಾರ್ಮೋನಿಯಂನ ಬಿಳಿ ಒಂದಕ್ಕೆ, ಅಂದರೆ ಮೊದಲ ಬಿಳಿ ಮನೆಗೆ, ಸರಿ. ಫೋನಿನ ಶ್ರುತಿ ನೋಡುವ ಆ್ಯಪಿನಲ್ಲಿ ಹಸಿರು ಬರುವವರೆಗೆ ತಿರುವಿ, ಅದೇ ವೇದವಾಕ್ಯ ಅಂತ ಕೂತೆ.

ನಮ್ಮೂರು ಕನ್ನೊಳ್ಳಿಯ ಸೋಮವಾರದ ಭಜನೆಯಲ್ಲೂ ಎಲ್ಲ ಹಾಡು ಬಿಳಿ ಒಂದರಲ್ಲೇ. ಕಾರಣ ದೊಡ್ಡದೇನಲ್ಲ, ಬೇರೆಲ್ಲಿ ಸ ಹಿಡಿದರೂ ಬೇಕಾಗುವ ಕರಿ ಮನೆಗಳು ಮೇಳದ ಹಾರ್ಮೋನಿಯಂ ಪೇಟಿಯಲ್ಲಿ ಎಂದೋ ಮೂಕಾಗಿದ್ದವು. ನಮ್ಮ ಸೋದರತ್ತೆ ನೀಲವ್ವ ಆ ಭಜನೆಯ ಮುಂದಿನ ದನಿ. ವಯಸ್ಸಾದಂತೆ ಏರು ಸಾಲಿನಲ್ಲಿ ಅವಳ ದನಿ ಒಡೆಯತೊಡಗಿತು. ಯಾರೂ ಏನೂ ಅನ್ನಲಿಲ್ಲ, ಅವಳೇ ತಾಳ ಕೆಳಗಿಟ್ಟಳು. “ನನ್ನ ದನಿ ಹೋತಪಾ” ಎಂದಳು. ನಾವೆಲ್ಲ ನಂಬಿಬಿಟ್ಟೆವು. ಹತ್ತು ವರ್ಷ ಅವಳು ಗುಡಿಯ ಕಟ್ಟೆಯ ಮೇಲೆ ಕೂತು ಬರೀ ತುಟಿ ಆಡಿಸಿದಳು. ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ಒಮ್ಮೆ ಅತ್ತೆ ನಮ್ಮ ಮನೆಗೆ ಬಂದಿದ್ದಳು. ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತ ಗುನುಗುತ್ತಿದ್ದಳು. ಕಿವಿಗೊಟ್ಟೆ. ದನಿ ಎಲ್ಲಿಗೂ ಹೋಗಿರಲಿಲ್ಲ, ಕೆಳಗಿಳಿದಿತ್ತು ಅಷ್ಟೇ. ಯುಕುಲೆಲೆ ತಂದು ಸ ತಂತಿಯನ್ನು ಅವಳ ಗುನುಗಿಗೆ ಕೂಡಿಸಿದೆ. ಬಿಳಿ ಒಂದರಿಂದ ಕೆಳಗೆ ಜಾರಿ, ಮೇಳದ ಪೇಟಿಯಲ್ಲಿ ಮೂಕಾಗಿದ್ದ ಕರಿ ಐದಕ್ಕೆ ಬಂತು. ಉಳಿದ ಮೂರನ್ನೂ ಅಷ್ಟೇ ಇಳಿಸಿದೆ. ಧ ತಂತಿಯನ್ನು ಇನ್ನೊಂದು ಮೆಟ್ಟಿಲು ಇಳಿಸಿ ಪ ಮಾಡಿದೆ. ಈಗ ಬೆರಳೊತ್ತದೆ ಮೀಟಿದರೂ ಪ ಸ ಗ ಪ ಎಂದು ಕೂಡಿ ನುಡಿಯಿತು. ಫೋನು ಕೆಂಪಾಯಿತು; ಮಗುಚಿ ಇಟ್ಟೆ. ಸ ಎಲ್ಲಿದ್ದರೇನು, ತಂತಿಗಳ ನಡುವಿನ ಅಂತರ ಸರಿಯಿದ್ದರೆ ಸಾಕೆಂಬ ಲೆಕ್ಕ ಮಾಸ್ತರನಿಗೆ ಅರವತ್ತು ದಾಟಿದ ಮೇಲೆ ಹೊಳೆಯಿತು.

“ಏರಿಸಬ್ಯಾಡೋ, ಅಲ್ಲೇ ಇರ್ಲಿ” ಎಂದಳು ಅತ್ತೆ. ಕೈಯಲ್ಲಿ ಹಿಟ್ಟು ಹಾಗೇ ಇತ್ತು. ಪೂರ್ತಿ ಹಾಡಿದಳು, ಏರು ಸಾಲೂ ಬಂತು. ಆಮೇಲೆ ಕೈಯ ಹಿಟ್ಟು ಕೊಡವಿ, “ಪೇಟಿ ಕೆಟ್ಟಿತ್ತು. ನಾ ನನ್ನ ಗಂಟಲಾ ಕೆಟ್ಟೈತಿ ಅನ್ಕೊಂಡಿದ್ನಲ್ಲೋ” ಎಂದಳು. ನನ್ನ ಕಣ್ಣು ತುಂಬಿತು.

ಇವತ್ತು ಸೋಮವಾರ. ಅತ್ತೆಯ ಸರದಿ ಬಂದಾಗ ಮೇಳದವರು ಈಗ ಪೇಟಿ ಮುಚ್ಚಿ ನನ್ನತ್ತ ನೋಡುತ್ತಾರೆ. ಹೊಸ ತಂತಿಯನ್ನು ಎಲ್ಲಿಗೆ ಕೂಡಿಸಲಿ ಎಂದು ಅವಳಿಗೇ ಫೋನ್ ಮಾಡಿ ಕೇಳಿದೆ.

“ಅದನ್ನೇನ್ ಕೇಳ್ತಿ? ನೀ ಬಾ. ಮೊದಲ ನಾ ಹಾಡ್ತೇನಿ, ಆಮ್ಯಾಲ ನೀ ಕೂಡಿಸ್ಕೋ” ಎಂದಳು.